ರುಖ್ಮಾಬಾಯಿಗೆ ಡಾಕ್ಟರ್ ಡಿಗ್ರಿ ಕೊಟ್ಟವರು ಯಾರು?

ನನ್ನ ಅಕ್ಕನ ಮಗಳು ಇಂಡಿಯವಳು. ಬಿ.ಎಸ್ಸಿ. ಮುಗಿಸಿ ವಿಜಯಪುರದಲ್ಲಿ ಪಿ.ಜಿ. ಹಿಡಿದು ಕೋಚಿಂಗ್‌ಗೆ ಹೋಗ್ತಾಳೆ. ಪಿಎಸ್‌ಐ, ಎಫ್‌ಡಿಎ, ಪಿಡಿಓ, ಸರ್ಕಾರ ಯಾವುದು ಕರೆದರೂ ಅರ್ಜಿ ಹಾಕುವ ಬ್ಯಾಚು. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿ, ಮಾಮಾ ಇದರಾಗ ಖರೇ ಯಾವುದು ಅಂತ ಕೇಳಿದಳು.

ನಾಲ್ಕೂ ಡಾ. ರುಖ್ಮಾಬಾಯಿ ಬಗ್ಗೆ. ಒಂದರಲ್ಲಿ, ಅವರು 1894ರಲ್ಲಿ ಲಂಡನ್ ಸ್ಕೂಲ್ ಆಫ್ ಮೆಡಿಸಿನ್ ಫಾರ್ ವಿಮೆನ್‌ನಿಂದ ಎಂ.ಡಿ. ಪದವಿ ಪಡೆದರು ಅಂತಿದೆ. ಇನ್ನೊಂದರಲ್ಲಿ, ಲಂಡನ್ನಿನಲ್ಲಿ ಹೆಂಗಸರಿಗೆ ಎಂ.ಡಿ. ಕೊಡುತ್ತಿರಲಿಲ್ಲ, ಹಾಗಾಗಿ ಬ್ರಸೆಲ್ಸ್‌ಗೆ ಹೋಗಿ ಎಂ.ಡಿ. ಪಡೆದ ಮೊದಲ ಭಾರತೀಯ ಮಹಿಳೆಯಾದರು ಅಂತಿದೆ. ಮೂರನೆಯದು ಅವರನ್ನು ಭಾರತದಲ್ಲಿ ವೃತ್ತಿ ಮಾಡಿದ ಮೊದಲ ವೈದ್ಯೆ ಅನ್ನುತ್ತೆ. ನಾಲ್ಕನೆಯದರಲ್ಲಿ ವಿಕ್ಟೋರಿಯಾ ರಾಣಿಯೇ ಮಧ್ಯೆ ಬಂದು ಅವರ ಬಾಲ್ಯವಿವಾಹ ರದ್ದು ಮಾಡಿಸಿದ್ದಾಳೆ. ಕೋಚಿಂಗ್‌ನವರ ಮಾಕ್ ಟೆಸ್ಟ್‌ನ ಕೀ ಉತ್ತರ ಲಂಡನ್.

ನಾನು ಓದಿದ್ದು ಎಂಜಿನಿಯರಿಂಗ್. ನಾಲ್ಕು ಮೀಟರ್ ನಾಲ್ಕು ರೀಡಿಂಗ್ ತೋರಿಸಿದರೆ ಸರಾಸರಿ ತೆಗೆಯಬಾರದು, ಯಾವ ಮೀಟರ್ ಕೆಟ್ಟಿದೆ ಅಂತ ನೋಡಬೇಕು. ನೋಡುತ್ತಾ ಹೋದೆ. ನಾಲ್ಕೂ ಕೆಟ್ಟಿವೆ.

ಮುಂಬೈಯ ಹೆಂಗಸಿನ ಕಥೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಯಾಕೆ ಅಂತ ಕೇಳಬಹುದು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ರುಖ್ಮಾಬಾಯಿ ಕೇಸು ನಡೆಯುತ್ತಿದ್ದ 1885ರ ಹೊತ್ತಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬರ್ತಾ ಇತ್ತು. ಮುಂಬೈ ಹೈಕೋರ್ಟು ಮದುವೆಯಾದ ಹುಡುಗಿಗೆ ಏನು ಹಕ್ಕಿದೆ ಅಂತ ತೀರ್ಮಾನಿಸಿದರೆ, ಅದು ಗಿರಗಾಂವದ ಹುಡುಗಿಗೆ ಹೇಗೋ ಸಿಂದಗಿಯ ಹುಡುಗಿಗೂ ಹಾಗೆಯೇ. ಮೈಸೂರಿನವರಿಗೆ ಬೇರೆ ಕಾನೂನು. ನಮಗೆ ಇದು.

ಹನ್ನೊಂದಕ್ಕೆ ನಿಂತ ಶಾಲೆ

ರುಖ್ಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು, ಮುಂಬೈಯಲ್ಲಿ. ತಂದೆ ಜನಾರ್ದನ ಪಾಂಡುರಂಗ, ತಾಯಿ ಜಯಂತಿಬಾಯಿ. ಸುತಾರ ಸಮುದಾಯ, ನಮ್ಮ ಕಡೆ ಬಡಿಗೇರರು ಅಂತೀವಲ್ಲ, ಆ ಕಸುಬಿನ ಜನ. ಮಗು ಸಣ್ಣದಿರುವಾಗಲೇ ತಂದೆ ತೀರಿಕೊಂಡ. ಈ ಸಮುದಾಯದಲ್ಲಿ ವಿಧವೆ ಮತ್ತೆ ಮದುವೆಯಾಗಬಹುದಿತ್ತು. ಜಯಂತಿಬಾಯಿ ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿ ಡಾ. ಸಖಾರಾಮ ಅರ್ಜುನ ಎಂಬ ವಿಧುರನನ್ನು ಮದುವೆಯಾದಳು. ನಮ್ಮ ಹಳ್ಳಿಗಳಲ್ಲಿ ಉಡಿಕಿ ಅನ್ನುವ ಪದ್ಧತಿಯಂಥದ್ದೇ. ಮೇಲ್ಜಾತಿಯ ಸುಧಾರಕರು ವಿಧವಾ ವಿವಾಹಕ್ಕಾಗಿ ಶಾಸ್ತ್ರ ಹುಡುಕುತ್ತಿದ್ದ ಕಾಲದಲ್ಲಿ ಬಡಿಗೇರರ ಮನೆಯಲ್ಲಿ ಅದು ಮಾಮೂಲು ವಿಷಯ. ಇದನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಹೇಳೋದಿಲ್ಲ.

ಸಖಾರಾಮ ಅರ್ಜುನ ಸಾಮಾನ್ಯ ಮನುಷ್ಯನಲ್ಲ. ವೈದ್ಯ, ಸಸ್ಯಶಾಸ್ತ್ರಜ್ಞ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟುಹಾಕಿದ ಎಂಟು ಜನರಲ್ಲಿ ಇದ್ದ ಇಬ್ಬರು ಭಾರತೀಯರಲ್ಲಿ ಒಬ್ಬ. ಅಂಥ ಮನೆಯಲ್ಲೂ ಹುಡುಗಿಗೆ ಹನ್ನೊಂದಕ್ಕೆ ಮದುವೆಯಾಯಿತು. ವರ ದಾದಾಜಿ ಭಿಕಾಜಿ, ಹತ್ತೊಂಬತ್ತು ವರ್ಷ, ಸಖಾರಾಮನ ಕಡೆಯ ಬಡ ಸಂಬಂಧಿ. ಹುಡುಗ ಇವರ ಆಸರೆಯಲ್ಲೇ ಇದ್ದು ಓದಿ ಒಂದು ದಾರಿಗೆ ಬರಲಿ ಅನ್ನುವುದು ಮನೆಯವರ ಲೆಕ್ಕ. ಆತ ಓದಲಿಲ್ಲ, ಹೊರಗೆ ಹೋಗಿ ತನ್ನ ಮಾವನ ಮನೆ ಸೇರಿಕೊಂಡ. ಹುಡುಗಿ ತಾಯಿಯ ಮನೆಯಲ್ಲೇ ಉಳಿದಳು. ಮದುವೆ ಹೆಸರಿಗೆ ಮಾತ್ರ.

ಅವಳ ಶಾಲೆಯೂ ಅಲ್ಲಿಗೆ ನಿಂತಿತು. ಈ ಸಂಗತಿಯನ್ನು ಮುಂದೆ ಅವಳೇ ಪತ್ರಿಕೆಯಲ್ಲಿ ಬರೆದಳು. ಇಲ್ಲಿಂದ ಮುಂದಿನ ಹತ್ತು ವರ್ಷ ಅವಳ ಕಲಿಕೆಗೆ ಸರ್ಟಿಫಿಕೇಟ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಮಲತಂದೆ ತರುತ್ತಿದ್ದ ಪುಸ್ತಕಗಳು, ಮನೆಗೆ ಬರುತ್ತಿದ್ದ ಸುಧಾರಕರ ಮಾತುಕತೆ, ಸ್ವಂತ ಹಟ. ಇಷ್ಟರಲ್ಲಿ ಅವಳು ಕಲಿತ ಇಂಗ್ಲಿಷ್ ಎಂಥದ್ದು ಅಂದರೆ, 1885ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಒಬ್ಬ ಹಿಂದೂ ಮಹಿಳೆ ಅನ್ನುವ ಸಹಿಯಲ್ಲಿ ಬಾಲ್ಯವಿವಾಹದ ಬಗ್ಗೆ ಎರಡು ದೀರ್ಘ ಪತ್ರಗಳು ಬಂದಾಗ, ಇದನ್ನು ಹೆಣ್ಣುಮಗಳು ಬರೆದಿರಲಿಕ್ಕಿಲ್ಲ ಅಂತ ಅನುಮಾನಪಟ್ಟವರಿದ್ದರು.

ಕೋರ್ಟಿನ ಮೂರು ವರ್ಷ

1884ರಲ್ಲಿ ದಾದಾಜಿ ವಕೀಲರ ಮೂಲಕ ನೋಟಿಸು ಕಳಿಸಿದ, ಆಮೇಲೆ ಹೈಕೋರ್ಟಿಗೆ ಹೋದ. ಹೆಂಡತಿಯನ್ನು ನನ್ನ ಮನೆಗೆ ಕಳಿಸಿ ಅನ್ನುವುದು ಅವನ ಕೋರಿಕೆ. ಕಾನೂನಿನ ಭಾಷೆಯಲ್ಲಿ ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ. ಅವಳ ಹೆಸರಿನಲ್ಲಿ ಆಸ್ತಿ ಇತ್ತು ಅನ್ನುವುದನ್ನು ಮರೆಯಬೇಡಿ. 1885ರ ಏಪ್ರಿಲ್‌ನಲ್ಲಿ ಸಖಾರಾಮ ಅರ್ಜುನ ತೀರಿಕೊಂಡರು. ಕೇಸು ಇನ್ನೂ ನಡೆಯುತ್ತಿತ್ತು.

1885ರ ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ರಾಬರ್ಟ್ ಹಿಲ್ ಪಿನ್ಹೀ ಅವಳ ಪರ ತೀರ್ಪು ಕೊಟ್ಟರು. ಈ ಥರದ ದಾವೆ ಇಂಗ್ಲೆಂಡಿನಿಂದ ಬಂದದ್ದು, ಹಿಂದೂ ಶಾಸ್ತ್ರದಲ್ಲಿ ಇದಕ್ಕೆ ಬೇರಿಲ್ಲ, ಅರಿವಿಲ್ಲದ ವಯಸ್ಸಿನಲ್ಲಿ ಮದುವೆಯಾದವಳನ್ನು ಒಮ್ಮೆಯೂ ಜೊತೆಗಿರದ ಗಂಡನ ಬಳಿಗೆ ಬಲವಂತವಾಗಿ ಕಳಿಸುವುದು ಕ್ರೌರ್ಯ ಅನ್ನುವುದು ಅವರ ವಾದದ ತಿರುಳು. ಬೆಂಕಿ ಹತ್ತಿಕೊಂಡಿತು. ತಿಲಕರ ಕೇಸರಿ ಮತ್ತು ಮರಾಠಾ ಪತ್ರಿಕೆಗಳು ಧರ್ಮಕ್ಕೆ ಅಪಾಯ ಬಂತೆಂದು ಬರೆದವು. ಹುಡುಗಿಗೆ ಇಂಗ್ಲಿಷ್ ಕಲಿಸಿದರೆ ಹೀಗೇ ಆಗೋದು ಅನ್ನುವ ಧಾಟಿ. ಸ್ವರಾಜ್ಯದ ಹಕ್ಕಿಗಾಗಿ ನಾವು ಹೊಗಳುವ ಮನುಷ್ಯ ಒಬ್ಬ ಹುಡುಗಿಯ ಒಪ್ಪಿಗೆಯ ಪ್ರಶ್ನೆಯಲ್ಲಿ ಎಲ್ಲಿ ನಿಂತಿದ್ದರು ಅನ್ನುವುದನ್ನೂ ಸಿಲಬಸ್‌ನಲ್ಲಿ ಸೇರಿಸಿದರೆ ಒಳ್ಳೆಯದು.

ಮೇಲ್ಮನವಿಯಲ್ಲಿ ಪಿನ್ಹೀ ತೀರ್ಪು 1886ರಲ್ಲಿ ಬಿದ್ದುಹೋಯಿತು. ಮತ್ತೆ ವಿಚಾರಣೆ. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು. ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಜೈಲು. ಜೈಲಿಗೆ ಹೋಗ್ತೀನಿ, ಅಲ್ಲಿಗೆ ಹೋಗಲ್ಲ ಅಂದಳು. ವಯಸ್ಸು ಇಪ್ಪತ್ತೆರಡು.

ಇಲ್ಲಿ ನಾಲ್ಕನೇ ಸ್ಕ್ರೀನ್‌ಶಾಟ್, ಅಂದರೆ ರಾಣಿಯ ಕಥೆ. ಕೇಳೋಕೆ ಚೆನ್ನಾಗಿದೆ, ಆದರೆ ಕೇಸು ಮುಗಿದದ್ದು ಹಾಗಲ್ಲ. 1888ರ ಜುಲೈಯಲ್ಲಿ ರಾಜಿಯಾಯಿತು. ದಾದಾಜಿ 2,000 ರೂಪಾಯಿ ತಗೊಂಡು ಆದೇಶ ಜಾರಿ ಮಾಡಿಸುವುದನ್ನು ಕೈಬಿಟ್ಟ, ಬೇರೆ ಮದುವೆ ಮಾಡಿಕೊಂಡ. ಅವಳ ಮದುವೆಯನ್ನು ಯಾರೂ ರದ್ದು ಮಾಡಲಿಲ್ಲ. ಇದಕ್ಕೆ ಗಟ್ಟಿ ಸಾಕ್ಷಿ ಅವಳ ಬಟ್ಟೆಯಲ್ಲೇ ಇದೆ. 1904ರಲ್ಲಿ ದಾದಾಜಿ ಸತ್ತಾಗ, ಅಷ್ಟೊತ್ತಿಗೆ ಹೆಸರಾಂತ ಡಾಕ್ಟರ್ ಆಗಿದ್ದ ರುಖ್ಮಾಬಾಯಿ ವಿಧವೆಯ ಬಿಳಿ ಸೀರೆ ಉಟ್ಟರು. ಮದುವೆ ಹದಿನಾರು ವರ್ಷದ ಹಿಂದೆಯೇ ರದ್ದಾಗಿದ್ದರೆ ಇದರ ಅಗತ್ಯ ಏನಿತ್ತು? ಯಾಕೆ ಉಟ್ಟರು ಅನ್ನುವುದು ನನಗೆ ಇವತ್ತಿಗೂ ಕಾಡುವ ಪ್ರಶ್ನೆ. ಹೋರಾಟಗಾರ್ತಿ ಅಂದಮೇಲೆ ಹೀಗೇ ಇರಬೇಕು ಅನ್ನುವ ನಮ್ಮ ಅಚ್ಚಿಗೆ ಅವರು ಕೂರುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ರಾಣಿ ಬಿಡಿಸಿದಳು ಅಂದಾಗ ಎರಡು ಸುಳ್ಳು ಒಟ್ಟಿಗೆ ಒಳಗೆ ಬರ್ತವೆ. ಸಾಮ್ರಾಜ್ಯ ದಯಾಳು ಅನ್ನುವುದು ಒಂದು. ಹುಡುಗಿ ಗೆದ್ದಳು ಅನ್ನುವುದು ಇನ್ನೊಂದು. ನಡೆದದ್ದು ಅಂದರೆ, ಬ್ರಿಟಿಷ್ ನ್ಯಾಯಾಧೀಶ ಬ್ರಿಟಿಷ್ ಕಾನೂನಿನಡಿ ಅವಳನ್ನು ಜೈಲಿಗೆ ಹಾಕ್ತೀನಿ ಅಂದ, ಅವಳು ದುಡ್ಡು ಕೊಟ್ಟು ಬಿಡಿಸಿಕೊಂಡಳು.

ಲೈಸೆನ್ಸ್ ಒಂದು ಕಡೆ, ಎಂ.ಡಿ. ಇನ್ನೊಂದು ಕಡೆ

ಈಗ ಡಿಗ್ರಿಯ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಎಲ್ಲರೂ ಜಾರುವ ಜಾಗ ಇದೇ.

ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ ಡಾ. ಎಡಿತ್ ಪೀಚಿ ರುಖ್ಮಾಬಾಯಿಯ ಬೆನ್ನಿಗೆ ನಿಂತರು. ವೈದ್ಯಕೀಯ ಓದಲಿಕ್ಕೆ ಹುರಿದುಂಬಿಸಿದರು, ಹಣ ಕೂಡಿಸಲು ಓಡಾಡಿದರು. 1889ರಲ್ಲಿ ರುಖ್ಮಾಬಾಯಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಲಂಡನ್ ಸ್ಕೂಲ್ ಆಫ್ ಮೆಡಿಸಿನ್ ಫಾರ್ ವಿಮೆನ್ ಸೇರಿದರು, ಆಸ್ಪತ್ರೆಯ ತರಬೇತಿ ರಾಯಲ್ ಫ್ರೀ ಹಾಸ್ಪಿಟಲ್‌ನಲ್ಲಿ. ಇಲ್ಲಿಯವರೆಗೆ ಎಲ್ಲ ಸ್ಕ್ರೀನ್‌ಶಾಟೂ ಸರಿ.

ಆದರೆ ಆ ಸ್ಕೂಲಿಗೆ ಡಿಗ್ರಿ ಕೊಡುವ ಅಧಿಕಾರವೇ ಇರಲಿಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜು ಒಂದು, ಡಿಗ್ರಿ ಕೊಡೋದು ವಿಟಿಯು, ಹಾಗೆ. ಪಾಠ ಇಲ್ಲಿ, ಪರೀಕ್ಷೆ ಬೇರೆಲ್ಲೋ. ವ್ಯತ್ಯಾಸ ಏನೆಂದರೆ, ಆ ಸ್ಕೂಲಿನ ಹುಡುಗಿಯರು ತಮಗೆ ಪರೀಕ್ಷೆ ಕೊಡುವ ಸಂಸ್ಥೆಯನ್ನು ತಾವೇ ಹುಡುಕಿಕೊಳ್ಳಬೇಕಿತ್ತು. 1874ರಲ್ಲಿ ಸ್ಕೂಲು ಶುರುವಾದಾಗ ಬ್ರಿಟನ್ನಿನಲ್ಲಿ ಹೆಂಗಸರನ್ನು ಪರೀಕ್ಷೆಗೆ ಕೂರಿಸುವ ವೈದ್ಯಕೀಯ ಮಂಡಳಿ ಒಂದೂ ಇರಲಿಲ್ಲ. 1876ರಲ್ಲಿ ಕಾನೂನು ಬಂತು, ಆದರೆ ಅದು ಕೂರಿಸಿ ಅನ್ನಲಿಲ್ಲ, ಬೇಕಾದರೆ ಕೂರಿಸಬಹುದು ಅಂದಿತು. ಮೊದಲು ಒಪ್ಪಿದ್ದು ಡಬ್ಲಿನ್ನಿನ ಕಾಲೇಜು. ಲಂಡನ್ ವಿಶ್ವವಿದ್ಯಾಲಯ 1878ರಲ್ಲಿ ಬಾಗಿಲು ತೆರೆಯಿತು. ಎಡಿನ್‌ಬರೋದ ರಾಯಲ್ ಕಾಲೇಜುಗಳು 1886ರಲ್ಲಿ. ಇಂಗ್ಲೆಂಡಿನದೇ ರಾಯಲ್ ಕಾಲೇಜುಗಳು 20ನೇ ಶತಮಾನ ಬರುವವರೆಗೂ ಬಾಗಿಲು ಹಾಕಿಕೊಂಡೇ ಕೂತಿದ್ದವು.

ರುಖ್ಮಾಬಾಯಿ 1894ರಲ್ಲಿ ಪಾಸು ಮಾಡಿದ್ದು ಸ್ಕಾಟ್ಲೆಂಡಿನ ಟ್ರಿಪಲ್ ಕ್ವಾಲಿಫಿಕೇಶನ್. ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್, ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್, ಗ್ಲಾಸ್ಗೋದ ಫ್ಯಾಕಲ್ಟಿ ಆಫ್ ಫಿಸಿಶಿಯನ್ಸ್ ಅಂಡ್ ಸರ್ಜನ್ಸ್, ಈ ಮೂರೂ ಸೇರಿ ನಡೆಸುವ ಒಂದು ಪರೀಕ್ಷೆ. ಪಾಸಾದರೆ ಮೂರು ಲೈಸೆನ್ಸ್. ಇದು ವಿಶ್ವವಿದ್ಯಾಲಯದ ಪದವಿ ಅಲ್ಲ, ವೃತ್ತಿ ಮಾಡುವ ಅರ್ಹತೆ. ಬ್ರಿಟನ್ನಿನ ಮೆಡಿಕಲ್ ರಿಜಿಸ್ಟರ್‌ನಲ್ಲಿ ಹೆಸರು ಸೇರೋದು ಇದರಿಂದ. ಬ್ರಸೆಲ್ಸ್‌ನ ಎಂ.ಡಿ. ಬಂದದ್ದು ಇದರ ಮೇಲೆ. ಬ್ರಸೆಲ್ಸ್ ವಿಶ್ವವಿದ್ಯಾಲಯ ಆಗ ಈಗಾಗಲೇ ಲೈಸೆನ್ಸ್ ಇದ್ದ ಹೊರದೇಶದ ವೈದ್ಯರನ್ನು ನೇರವಾಗಿ ಎಂ.ಡಿ. ಪರೀಕ್ಷೆಗೆ ಕೂರಿಸುತ್ತಿತ್ತು. ವರ್ಷಗಟ್ಟಲೆ ಅಲ್ಲಿರಬೇಕಾಗಿರಲಿಲ್ಲ. ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಲು ಬೇಕಾದ ಪದವಿಗಾಗಿ ಬ್ರಿಟನ್ನಿನ ಎಷ್ಟೋ ಗಂಡಸರೂ ಅಲ್ಲಿಗೆ ಹೋಗಿಬರುತ್ತಿದ್ದರು.

ಹಾಗಾದರೆ ಎರಡನೇ ಸ್ಕ್ರೀನ್‌ಶಾಟ್ ಅರ್ಧ ಸರಿ. ಬ್ರಸೆಲ್ಸ್ ಸರಿ, ಕಾರಣ ತಪ್ಪು. ಲಂಡನ್ ಹೆಂಗಸರಿಗೆ ಎಂ.ಡಿ. ಕೊಡುತ್ತಿರಲಿಲ್ಲ ಅನ್ನೋದು ಸುಳ್ಳು. ಮೇರಿ ಶಾರ್ಲೀಬ್ ಅನ್ನುವ ವಕೀಲರ ಹೆಂಡತಿ 1875ರಿಂದ 1878ರವರೆಗೆ ನಮ್ಮ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಆಮೇಲೆ ಲಂಡನ್ನಿಗೆ ಹೋಗಿ ಇದೇ ಮಹಿಳಾ ಸ್ಕೂಲಿನಲ್ಲಿ ಕಲಿತು, 1882ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಬಿ., 1888ರಲ್ಲಿ ಎಂ.ಡಿ. ತಗೊಂಡಿದ್ದರು. ಅಂದರೆ ರುಖ್ಮಾಬಾಯಿ ಹಡಗು ಹತ್ತುವ ಹಿಂದಿನ ವರ್ಷವೇ ಆ ಬಾಗಿಲು ತೆರೆದಿತ್ತು.

ಮತ್ತೆ ಅವರು ಯಾಕೆ ಅದರೊಳಗೆ ಹೋಗಲಿಲ್ಲ? ಲಂಡನ್ ವಿಶ್ವವಿದ್ಯಾಲಯದ ಯಾವ ಡಿಗ್ರಿಗೂ ಮೊದಲು ಮೆಟ್ರಿಕ್ಯುಲೇಷನ್ ಕಡ್ಡಾಯ, ಅದರಲ್ಲಿ ಲ್ಯಾಟಿನ್ ಬೇರೆ. ಕ್ರಮವಾಗಿ ಹೈಸ್ಕೂಲು ಓದಿದವರಿಗೆ ಮಾಡಿದ ಪರೀಕ್ಷೆ ಅದು. ಲೈಸೆನ್ಸ್ ದಾರಿಯಲ್ಲಿ ಸಾಮಾನ್ಯ ಜ್ಞಾನದ ಒಂದು ಪ್ರವೇಶ ಪರೀಕ್ಷೆ ದಾಟಿದರೆ ಸಾಕು. ಹನ್ನೊಂದಕ್ಕೆ ಶಾಲೆ ಬಿಡಿಸಿ, ಇಪ್ಪತ್ತರಿಂದ ಇಪ್ಪತ್ತಮೂರರವರೆಗೆ ಕೋರ್ಟಿಗೆ ಅಲೆಸಿದ ಹುಡುಗಿ ಯಾವ ದಾರಿ ಹಿಡಿಯುತ್ತಾಳೆ? ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ನನ್ನ ಲೆಕ್ಕದಲ್ಲಿ ಅವರ ಹೆಸರಿನ ಮುಂದಿನ ಸ್ಕಾಟಿಷ್ ಅಕ್ಷರಗಳು 1875ರ ಆ ಮದುವೆಯ ರಸೀದಿ. ಲಂಡನ್ ಎಂ.ಡಿ. ಅಂತ ಬರೆದ ಕ್ಷಣ ಆ ರಸೀದಿಯನ್ನು ನಾವೇ ಹರಿದು ಹಾಕಿದಂತೆ.

ಇನ್ನೊಂದು ಸಂಗತಿ ಸಿಕ್ಕಿತು, ಅದು ನಾನು ಹುಡುಕಿಕೊಂಡು ಹೋದದ್ದಲ್ಲ. ರುಖ್ಮಾಬಾಯಿ ಓದುವಾಗ ಆ ಸ್ಕೂಲಿನ ಡೀನ್ ಎಲಿಜಬೆತ್ ಗ್ಯಾರೆಟ್ ಆ್ಯಂಡರ್ಸನ್. ಆಕೆಗೆ ಲೈಸೆನ್ಸ್ ಸಿಕ್ಕಿದ್ದು 1865ರಲ್ಲಿ ಲಂಡನ್ನಿನ ಔಷಧಿಕಾರರ ಸಂಘವಾದ ಸೊಸೈಟಿ ಆಫ್ ಅಪೋಥೆಕರೀಸ್‌ನಿಂದ, ನಿಯಮದಲ್ಲಿ ಹೆಂಗಸರು ಬೇಡ ಅಂತ ಬರೆಯುವುದನ್ನು ಮರೆತಿದ್ದರಿಂದ. ಆಕೆ ಪಾಸಾದ ಮೇಲೆ ನಿಯಮ ಬದಲಿಸಿ ಬಾಗಿಲು ಹಾಕಿದರು. ಎಂ.ಡಿ.ಗೆ 1870ರಲ್ಲಿ ಪ್ಯಾರಿಸ್‌ಗೆ ಹೋಗಬೇಕಾಯಿತು. ಎಡಿತ್ ಪೀಚಿಯದ್ದೂ ಹಾಗೆಯೇ. ಎಂ.ಡಿ. ಸ್ವಿಟ್ಜರ್ಲೆಂಡಿನ ಬರ್ನ್‌ನಿಂದ, ಲೈಸೆನ್ಸ್ ಡಬ್ಲಿನ್ನಿನಿಂದ, ಎರಡೂ 1877ರಲ್ಲಿ. ವಿದೇಶಿ ಎಂ.ಡಿ. ಒಂದೇ ಇದ್ದರೆ ಬ್ರಿಟಿಷ್ ರಿಜಿಸ್ಟರ್‌ನಲ್ಲಿ ಜಾಗವಿಲ್ಲ, ಹಾಗಾಗಿ ಎರಡೂ ಬೇಕು. ಗುರುಗಳು ಹತ್ತಿದ ಏಣಿಯನ್ನೇ ಶಿಷ್ಯೆಯೂ ಹತ್ತಿದಳು.

ಪೀಚಿಯ ಕಥೆಯಲ್ಲಿ ಒಂದು ತಿರುವು ಇದೆ. 1869ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ಏಳು ಹುಡುಗಿಯರಲ್ಲಿ ಆಕೆ ಒಬ್ಬಳು. ರಸಾಯನಶಾಸ್ತ್ರದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಹಳಾದರೂ ಹೆಣ್ಣು ಅಂತ ತಪ್ಪಿಸಿದರು. 1870ರ ನವೆಂಬರ್ 18ರಂದು ಈ ಹುಡುಗಿಯರು ಅಂಗರಚನೆಯ ಪರೀಕ್ಷೆಗೆ ಹೋದಾಗ ಗಂಡು ವಿದ್ಯಾರ್ಥಿಗಳ ಗುಂಪು ಗೇಟು ಹಾಕಿ ಕೆಸರು ಎರಚಿತು, ಪರೀಕ್ಷೆಯ ಹಾಲಿನೊಳಗೆ ಒಂದು ಕುರಿಯನ್ನು ನುಗ್ಗಿಸಿತು. ಅದು ನಡೆದ ಜಾಗ ಸರ್ಜನ್ಸ್ ಹಾಲ್, ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಮನೆ. ಪೀಚಿಗೆ ಕೆಸರು ಎರಚಿದ ಅಂಗಳದ ಅದೇ ಕಾಲೇಜು 24 ವರ್ಷದ ನಂತರ ಪೀಚಿ ಕಳಿಸಿದ ರುಖ್ಮಾಬಾಯಿಗೆ ಲೈಸೆನ್ಸ್ ಕೊಟ್ಟಿತು. ಎಡಿನ್‌ಬರೋ ವಿಶ್ವವಿದ್ಯಾಲಯ ಆ ಏಳು ಜನರಿಗೆ ಗೌರವ ಪದವಿ ಕೊಟ್ಟದ್ದು 2019ರಲ್ಲಿ. ಅಷ್ಟೊತ್ತಿಗೆ ಏಳೂ ಜನ ಸತ್ತು ಯಾವ ಕಾಲವಾಗಿತ್ತೋ.

ಮೊದಲಿಗಳು ಅನ್ನುವ ಗದ್ದಲವನ್ನು ಬೇಗ ಮುಗಿಸ್ತೀನಿ, ನನಗೆ ಅದರಲ್ಲಿ ಆಸಕ್ತಿ ಕಮ್ಮಿ. ಆನಂದಿಬಾಯಿ ಜೋಶಿ 1886ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ಮೆಡಿಕಲ್ ಕಾಲೇಜಿನಿಂದ ಎಂ.ಡಿ. ಪಡೆದರು. ಹಾಗಾಗಿ ಮೊದಲ ಎಂ.ಡಿ. ರುಖ್ಮಾಬಾಯಿ ಅಲ್ಲ. ಆನಂದಿಬಾಯಿಗೆ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಕೆಲಸ ಕಾಯುತ್ತಿತ್ತು, ಅದನ್ನು ಸೇರುವ ಮೊದಲೇ 1887ರ ಫೆಬ್ರವರಿಯಲ್ಲಿ, 22 ತುಂಬುವ ಮುಂಚೆ ತೀರಿಕೊಂಡರು. ಕಾದಂಬಿನಿ ಗಂಗೂಲಿ ಅದೇ 1886ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ಜಿಬಿಎಂಸಿ ಪಡೆದು ವೃತ್ತಿಗೆ ಇಳಿದರು. ಒಂದು ಪೇಪರಿನಲ್ಲಿ ಫೇಲ್ ಮಾಡಿ ಎಂ.ಬಿ. ತಪ್ಪಿಸಿದ್ದರಿಂದ ಈ ಅರ್ಹತೆ ಕೊಟ್ಟದ್ದು. ಅದಕ್ಕೇ 1893ರಲ್ಲಿ ಅವರೂ ಸ್ಕಾಟ್ಲೆಂಡಿಗೆ ಹೋಗಿ ಇದೇ ಟ್ರಿಪಲ್ ತಗೊಂಡು ಬಂದರು. ಹಾಗಾಗಿ ಮೂರನೇ ಸ್ಕ್ರೀನ್‌ಶಾಟೂ ಬಿತ್ತು. ಇನ್ನೊಂದು ಎಚ್ಚರಿಕೆ, ಅಂದಿನ ಅಮೆರಿಕದ ಎಂ.ಡಿ.ಯನ್ನು ನಮ್ಮ ಇಂದಿನ ಎಂ.ಡಿ. ಅಂತ ತಿಳಿಯಬೇಡಿ. ಅಲ್ಲಿ ಅದು ಮೊದಲ ವೈದ್ಯಕೀಯ ಪದವಿ, ನಮ್ಮಲ್ಲಿ ಎಂಬಿಬಿಎಸ್ ಆದಮೇಲಿನದು. ಅಕ್ಷರ ಒಂದೇ, ಅಳತೆ ಬೇರೆ.

ಸೂರತ್, ರಾಜಕೋಟ್, 1955

ವಾಪಸು ಬಂದು ಸೂರತ್‌ನ ಮಹಿಳಾ ಆಸ್ಪತ್ರೆ ಸೇರಿದರು. ಎರಡು ದಶಕಕ್ಕೂ ಹೆಚ್ಚು ಅಲ್ಲಿ. 1918ರಲ್ಲಿ ವಿಮೆನ್ಸ್ ಮೆಡಿಕಲ್ ಸರ್ವಿಸ್‌ನಿಂದ ಬಂದ ಅವಕಾಶವನ್ನು ಬೇಡ ಅಂದು ರಾಜಕೋಟ್‌ನ ಮಹಿಳಾ ಆಸ್ಪತ್ರೆಗೆ ಹೋದರು. ಒಟ್ಟು ಸುಮಾರು 35 ವರ್ಷದ ಸೇವೆ. ನಿವೃತ್ತಿಯ ಹೊತ್ತಿಗೆ, 1929ರಲ್ಲಿ, ಪರ್ದಾ ಪದ್ಧತಿ ಹೋಗಬೇಕು ಅಂತ ಒಂದು ಕಿರುಹೊತ್ತಗೆ ಬರೆದರು. ಗಂಡು ಡಾಕ್ಟರ್ ಮುಟ್ಟಬಾರದು ಅಂತ ಹೆಂಗಸರು ಮನೆಯೊಳಗೇ ನರಳಿ ಸಾಯುವುದನ್ನು ಮೂವತ್ತೈದು ವರ್ಷ ಕಂಡವರ ಬರಹ ಅದು. ಕೋರ್ಟಿನ ಮೂರು ವರ್ಷದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಈ ಮೂವತ್ತೈದು ವರ್ಷವನ್ನು ಒಂದು ಪ್ಯಾರಾದಲ್ಲಿ ಮುಗಿಸ್ತೀವಿ. ನಾನೂ ಅದನ್ನೇ ಮಾಡಿದೆ.

ಅವರ ಕೇಸಿನ ಬಿಸಿಯಲ್ಲೇ ಬೆಳೆದ ಚರ್ಚೆ, ಕಲ್ಕತ್ತಾದಲ್ಲಿ ಹತ್ತು–ಹನ್ನೊಂದು ವರ್ಷದ ಫೂಲ್ಮಣಿ ಎಂಬ ಬಾಲೆ ಗಂಡನಿಂದಾಗಿ ಸತ್ತ ಘಟನೆ, ಎರಡೂ ಸೇರಿ 1891ರಲ್ಲಿ ಸಮ್ಮತಿ ವಯಸ್ಸಿನ ಕಾನೂನು ಬಂತು. ಹತ್ತರಿಂದ ಹನ್ನೆರಡಕ್ಕೆ ಏರಿಸಿದರು, ಅಷ್ಟೇ. ಅದು ನಮ್ಮ ವಿಜಾಪುರ ಜಿಲ್ಲೆಗೂ ಅನ್ವಯ. ಮೈಸೂರು ಸಂಸ್ಥಾನ ತನ್ನದೇ ಬಾಲ್ಯವಿವಾಹ ನಿಯಮ ತಂದದ್ದು 1894ರಲ್ಲಿ, ರುಖ್ಮಾಬಾಯಿ ಲೈಸೆನ್ಸ್ ಪಡೆದ ವರ್ಷ. ಅದರಲ್ಲಿ ಹುಡುಗಿಗೆ ಎಂಟು ತುಂಬುವ ತನಕ ಮದುವೆ ಮಾಡಬಾರದು ಅಂತಿತ್ತು. ಎಂಟು!

ಅವರು ತೀರಿಕೊಂಡದ್ದು 1955ರ ಸೆಪ್ಟೆಂಬರ್ 25ರಂದು, 90 ವರ್ಷದ ಮುದುಕಿಯಾಗಿ, ಮುಂಬೈಯಲ್ಲಿ. ಆ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಇನ್ನೂ ಮುಂಬೈ ರಾಜ್ಯದ ತಾಲ್ಲೂಕುಗಳು. ನಾವು ಮೈಸೂರು ರಾಜ್ಯಕ್ಕೆ ಸೇರಲಿಕ್ಕೆ ಇನ್ನೊಂದು ವರ್ಷ ಬಾಕಿ ಇತ್ತು.

ಅವರು ಸಾಯುವುದಕ್ಕೆ ನಾಲ್ಕು ತಿಂಗಳ ಹಿಂದೆ, 1955ರ ಮೇ 18ರಂದು, ಹಿಂದೂ ವಿವಾಹ ಕಾಯ್ದೆ ಬಂತು. ಅದರಲ್ಲಿ ವಿಚ್ಛೇದನ ಸಿಕ್ಕಿತು, ರುಖ್ಮಾಬಾಯಿಗೆ ಯೌವನದಲ್ಲಿ ಸಿಗದೇ ಹೋದದ್ದು. ಅದರಲ್ಲೇ ಸೆಕ್ಷನ್ 9 ಕೂಡ ಕೂತಿದೆ, ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ. ದಾದಾಜಿ ಹಿಡಿದ ಅದೇ ಅಸ್ತ್ರ. ಈಗ ಗಂಡ, ಹೆಂಡತಿ ಇಬ್ಬರೂ ಹಿಡಿಯಬಹುದು. ಜೈಲು ಇಲ್ಲ, ಆಸ್ತಿ ಜಪ್ತಿ ಇದೆ. 1983ರಲ್ಲಿ ಆಂಧ್ರ ಹೈಕೋರ್ಟು ಟಿ. ಸರಿತಾ ಪ್ರಕರಣದಲ್ಲಿ ಇದು ಸಂವಿಧಾನ ವಿರೋಧಿ ಅಂದಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಸರೋಜ್ ರಾಣಿ ಪ್ರಕರಣದಲ್ಲಿ ಸೆಕ್ಷನ್ ಅನ್ನು ಎತ್ತಿಹಿಡಿಯಿತು. 2019ರಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ನಿಮ್ಮ ವಯಸ್ಸಿನವರೇ.

ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕದ ಕಾನೂನು ದೇಶದಲ್ಲೇ ಗಟ್ಟಿ. 2016ರ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂದರೆ ರುಖ್ಮಾಬಾಯಿ ಇವತ್ತು ಸಿಂದಗಿಯಲ್ಲಿ ಹುಟ್ಟಿದ್ದರೆ ಅವಳ ಮದುವೆ ಮದುವೆಯೇ ಅಲ್ಲ. ಆದರೆ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗೆ 18ರೊಳಗೇ ಮದುವೆಯಾಗಿತ್ತು ಅನ್ನುತ್ತೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಉತ್ತರದ ಜಿಲ್ಲೆಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಅಕ್ಕನ ಮಗಳ ಜೊತೆ ಎಸ್ಸೆಸ್ಸೆಲ್ಸಿ ಓದಿದವರಲ್ಲಿ ಇಬ್ಬರು ಪಿಯುಸಿಗೆ ಬರಲೇ ಇಲ್ಲ. ಅವರಲ್ಲಿ ಒಬ್ಬಳಿಗೆ ಸೈನ್ಸ್‌ನಲ್ಲಿ ಇವಳಿಗಿಂತ ಹೆಚ್ಚು ಮಾರ್ಕ್ಸ್ ಬಂದಿತ್ತು, ಡಾಕ್ಟರ್ ಆಗ್ತೀನಿ ಅಂತಿದ್ದಳಂತೆ. ಈಗ ಪುಣೆ ಕಡೆ ಎಲ್ಲೋ ಇದ್ದಾಳೆ.

ನಾನು ಇದನ್ನೆಲ್ಲ ಉದ್ದಕ್ಕೆ ಟೈಪ್ ಮಾಡಿ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್ ಮಾಡಿದಳು. ಕೋಚಿಂಗ್‌ನ ಸರ್‌ಗೆ ತೋರಿಸಿದಳಂತೆ, ಅವರು ಓದಿ, ಚಲೋ ಐತಿ, ಆದರ ಕೀ ಉತ್ತರ ಬದಲಾಗಂಗಿಲ್ಲ ಅಂದರಂತೆ. ಖರೇ ಪರೀಕ್ಷೆಯೊಳಗ ಈ ಪ್ರಶ್ನೆ ಬಂದರ ಯಾವುದನ್ನ ಶೇಡ್ ಮಾಡಲಿ ಮಾಮಾ, ತಪ್ಪಾದರ ಕಾಲು ಮಾರ್ಕ್ಸು ಹೋಗತೈತಿ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಟ್ಟುಕೊಂಡಿದ್ದಾಳೆ. ಪರೀಕ್ಷೆಗೆ ಬೇಕಾದದ್ದು ನೀಲಿ ಪೆನ್ನಿನಲ್ಲಿ, ಮಿಕ್ಕದ್ದು ಕೊನೆಯ ಪುಟದಲ್ಲಿ.